ನಿಮಿಷಕ್ಕೊಂದು ಸಲ ಮೋಟರ್ "ಟಕ್" ಅನ್ನುತ್ತಿದೆ, ಲೇಟೆನ್ಸಿ (ಕೆಲಸ ಶುರುವಾಗೋದರಲ್ಲಿ ಆಗೋ ತಡ) ಎಲ್ಲಿಂದ ಬರುತ್ತಿದೆ?

ಪ್ರಶ್ನೆ:
ಪೀಣ್ಯದಲ್ಲಿ ನಂದೊಂದು ಸಣ್ಣ ವರ್ಕ್‌ಶಾಪ್. ಹಳೇ ಮಿಲ್ಲಿಂಗ್ ಮಷೀನಿಗೆ ಪಲ್ಸಿಗೊಂದು ಹೆಜ್ಜೆ ತಿರುಗೋ ಸ್ಟೆಪ್ಪರ್ ಮೋಟರ್ ಕೂರಿಸಿ, ಗುಜರಿಯಲ್ಲಿ ಸಿಕ್ಕ ಪಿಸಿಗೆ ಮಷೀನ್ ನಡೆಸೋ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ ಹಾಕಿದ್ದೇನೆ. ಕರ್ನಲ್ ಪ್ರೀಎಂಪ್ಟ್ ಆರ್‌ಟಿ (ಸಮಯಕ್ಕೆ ಸರಿಯಾಗಿ ಕೆಲಸ ಮಾಡೋ ಲಿನಕ್ಸ್), ಪಲ್ಸ್ ಹೋಗೋದು ಪ್ಯಾರಲಲ್ ಪೋರ್ಟಿಂದ, ಪಲ್ಸ್ ಬಿಡೋ ಬೇಸ್ ಥ್ರೆಡ್ ಓಡೋದು 50 ಮೈಕ್ರೋಸೆಕೆಂಡಿಗೊಮ್ಮೆ. ಲೇಟೆನ್ಸಿ ಟೆಸ್ಟಿನಲ್ಲಿ 18 ಮೈಕ್ರೋಸೆಕೆಂಡ್ ದಾಟಲ್ಲ. ಆದರೆ ನಿಮಿಷಕ್ಕೊಂದು ಸಲ ಇದ್ದಕ್ಕಿದ್ದಂತೆ 300ಕ್ಕೆ ಹಾರುತ್ತದೆ! ನಾನು ಸೆಕೆಂಡಿಗೆ 8000 ಪಲ್ಸ್ ಬಿಡುತ್ತೇನೆ, ಅಂದರೆ 125 ಮೈಕ್ರೋಸೆಕೆಂಡಿಗೆ ಒಂದು. ಅಷ್ಟು ಹೊತ್ತು ಪಲ್ಸ್ ನಿಂತರೆ ಮೋಟರ್ "ಟಕ್" ಅಂತ ಜಗ್ಗಿ ಸ್ಟೆಪ್ ತಪ್ಪುತ್ತದೆ. ನಿನ್ನೆ ಒಂದು ಅಲ್ಯೂಮಿನಿಯಂ ಪ್ಲೇಟ್ ಹಾಳಾಯಿತು. ಕೋರನ್ನು ಈ ಕೆಲಸಕ್ಕೇ ಮೀಸಲಿಡೋ ಐಸೋಲ್‌ಸಿಪಿಯುಸ್ ಹಾಕಿದೆ, ಸಿಪಿಯು ನಿದ್ದೆ ಹೋಗೋ ಸಿ-ಸ್ಟೇಟ್ ಆಫ್ ಮಾಡಿದೆ. ಊಹೂಂ.

ಉತ್ತರ 1:
ಕರ್ನಲ್ಲನ್ನು ಬೈಯಬೇಡಿ ಸಾರ್, ಅದಕ್ಕೆ ವಿಷಯವೇ ಗೊತ್ತಾಗಲ್ಲ. ಇದು ಎಸ್‌ಎಂಐ ಇರಬೇಕು, ಸಿಸ್ಟಂ ಮ್ಯಾನೇಜ್‌ಮೆಂಟ್ ಇಂಟರಪ್ಟ್. ಚಿಪ್‌ಸೆಟ್ ಕರೆದ ತಕ್ಷಣ ಸಿಪಿಯು ಬಯೋಸ್ (ಮದರ್‌ಬೋರ್ಡಿನೊಳಗೇ ಇರೋ ಸಾಫ್ಟ್‌ವೇರ್) ಕೋಡಿಗೆ ಹೋಗಿಬಿಡುತ್ತದೆ. ಎಲ್ಲಾ ಕೋರೂ ನಿಲ್ಲುತ್ತವೆ, ಐಸೋಲ್‌ಸಿಪಿಯುಸ್ ಹಾಕಿಯೂ ಪ್ರಯೋಜನವಿಲ್ಲ. ಆಪರೇಟಿಂಗ್ ಸಿಸ್ಟಂ ಇದನ್ನು ಮಾಸ್ಕ್ ಮಾಡೋಕೆ, ಅಂದರೆ ತಡೆಯೋಕೆ ಆಗಲ್ಲ. ಸಿಪಿಯು ಲೆಕ್ಕ ತೋರಿಸೋ ಟರ್ಬೋಸ್ಟ್ಯಾಟ್ ಓಡಿಸಿ, ಎಸ್‌ಎಂಐ ಕಾಲಂ ನೋಡಿ. "ಟಕ್" ಅಂದಾಗಲೇ ಎಣಿಕೆ ಏರಿದರೆ ಕಳ್ಳ ಸಿಕ್ಕ ಹಾಗೆ.

ಉತ್ತರ 2:
ಬಯೋಸಿನಲ್ಲಿ ಯುಎಸ್‌ಬಿ ಲೆಗಸಿ ಸಪೋರ್ಟ್ (ಯುಎಸ್‌ಬಿ ಕೀಬೋರ್ಡನ್ನು ಹಳೇ ಥರದ್ದರಂತೆ ತೋರಿಸೋದು) ಮೊದಲು ಆಫ್ ಮಾಡಿ, ಎಸ್‌ಎಂಐ ಅದರಿಂದಲೂ ಬರಬಹುದು. ಚಿಪ್‌ಸೆಟ್ ರಿಜಿಸ್ಟರಿನಲ್ಲಿ ಎಸ್‌ಎಂಐಯನ್ನೇ ಆಫ್ ಮಾಡೋ ದಾರಿಯೂ ಇದೆ, ಆದರೆ ಕೈ ಹಾಕೋ ಮುಂಚೆ ಯೋಚಿಸಿ. ಕೆಲವು ಬೋರ್ಡುಗಳಲ್ಲಿ ಸಿಪಿಯು ಬಿಸಿಯಾಗದಂತೆ ಕಾಯೋದೂ ಅದೇ ಎಸ್‌ಎಂಐ. ಕೆಲವು ಬಯೋಸ್ ಆ ಬಿಟ್ಟನ್ನು ಲಾಕ್ ಮಾಡಿಟ್ಟಿರುತ್ತವೆ. ದುಡ್ಡಿದ್ದರೆ ಮೆಸಾ ಕಾರ್ಡ್ ಹಾಕಿಬಿಡಿ. ಪಲ್ಸ್ ಆ ಕಾರ್ಡಿನ ಎಫ್‌ಪಿಜಿಎ ಚಿಪ್ಪಿಂದ ಬರುತ್ತೆ, ಪಿಸಿ ಒಂದು ಮಿಲಿಸೆಕೆಂಡಿಗೊಮ್ಮೆ ಮಾತಾಡಿದರೆ ಸಾಕು.

ಪ್ರಶ್ನೆ ಕೇಳಿದವನು:
ಸದ್ಯಕ್ಕೆ ಮೆಸಾಗೆ ದುಡ್ಡಿಲ್ಲ ಗುರೂ. ಟರ್ಬೋಸ್ಟ್ಯಾಟ್ ನೋಡಿದೆ, ಪ್ರತಿ "ಟಕ್"ಗೂ ಎಣಿಕೆ ಒಂದೊಂದೇ ಏರಿತು. ಯುಎಸ್‌ಬಿ ಲೆಗಸಿ ಆಫ್ ಮಾಡಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಬಯೋಸಿನಲ್ಲಿ ಒಂದೊಂದೇ ಆಫ್ ಮಾಡುತ್ತಾ ಬಂದೆ. ಕೊನೆಗೆ ಸಿಕ್ಕಿದ್ದು ಬಿಸಿ ನೋಡಿ ಫ್ಯಾನ್ ವೇಗ ಬದಲಿಸೋ ಸ್ಮಾರ್ಟ್ ಫ್ಯಾನ್! ಅದನ್ನು ತೆಗೆದು ಫುಲ್ ಸ್ಪೀಡ್ ಕೊಟ್ಟೆ. ಹಾರೋದು ನಿಂತಿತು.

ಉತ್ತರ 1:
ಐದು ನಿಮಿಷ ನೋಡಿ ಖುಷಿ ಪಡಬೇಡಿ. ರಾತ್ರಿಯಿಡೀ ಓಡಿಸಿ.

ಪ್ರಶ್ನೆ ಕೇಳಿದವನು:
ಓಡಿಸಿದೆ. ಬೆಳಗ್ಗೆ ಬಂದು ನೋಡಿದರೆ ಗರಿಷ್ಠ 23. ಫ್ಯಾನ್ ಮಾತ್ರ ಹಿಟ್ಟಿನ ಗಿರಣಿ ಥರ ಕೂಗುತ್ತಿದೆ. ಪಕ್ಕದ ಲೇತ್‌ನವನು ಬಂದು, ಹೊಸ ಕಂಪ್ರೆಸರ್ ತಂದಿರಾ ಅಂತ ಕೇಳಿ ಹೋದ.