ಸ್ಟೀಮ್, ಎಪಿಕ್, ಪಿಎಸ್4 ಡಿಸ್ಕ್, ಸ್ವಿಚ್: ಎಲ್ಲ ಗೇಮ್‌ಗಳ ಲೆಕ್ಕ ಒಂದೇ ಕಡೆ ಇಡೋದು ಹೇಗೆ?

ಅರ್ಧಲೆವೆಲ್

ನಮಸ್ಕಾರ ಎಲ್ಲರಿಗೂ. ನನ್ನ ಗೇಮ್‌ಗಳು ನಾಲ್ಕು ಕಡೆ ಹರಡಿಕೊಂಡಿವೆ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ನಲ್ಲಿ ತಗೊಂಡವು ಒಂದಷ್ಟು. ಇಂಥದ್ದೇ ಇನ್ನೊಂದು ಅಂಗಡಿ ಎಪಿಕ್‌ನವರು 2018ರ ಡಿಸೆಂಬರ್‌ನಿಂದ ಫ್ರೀ ಕೊಡುತ್ತಲೇ ಇದ್ದಾರಲ್ಲ, ಅವು ಒಂದು ರಾಶಿ. ಪಿಎಸ್4 (ಪ್ಲೇಸ್ಟೇಷನ್ 4) ಡಿಸ್ಕ್‌ಗಳಿವೆ, ಜಾಸ್ತಿ ಸೆಕೆಂಡ್ ಹ್ಯಾಂಡ್. ಜೊತೆಗೆ ನಿಂಟೆಂಡೋದ ಗೇಮ್ ಮೆಷಿನ್ ಸ್ವಿಚ್ ಒಂದು. ಒಂದು ಗೇಮ್ ನನ್ನ ಹತ್ತಿರ ಇದೆಯೋ ಇಲ್ಲವೋ ಅಂತ ನೋಡಲು ಇಷ್ಟೂ ಕಡೆ ಹುಡುಕಬೇಕು.

ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ದೊಡ್ಡ ಆರ್‌ಪಿಜಿ (ಒಂದು ಪಾತ್ರವಾಗಿ ಉದ್ದನೆಯ ಕಥೆ ಆಡುವ ಗೇಮ್) ಒಂದನ್ನು ಅರ್ಧ ಆಡಿ, ಕೆಲಸ ಜಾಸ್ತಿಯಾಗಿ ಬಿಟ್ಟು, ಆರೇಳು ತಿಂಗಳಾದ ಮೇಲೆ ಸೇವ್ ತೆರೆದರೆ ಎಲ್ಲಿ ನಿಂತಿದ್ದೆ, ಯಾರಿಗೆ ಏನು ತಂದುಕೊಡಬೇಕಿತ್ತು, ಯಾವ ಬಟನ್ ಒತ್ತಿದರೆ ಏನಾಗುತ್ತದೆ, ಒಂದೂ ನೆನಪಿಗೆ ಬರುವುದಿಲ್ಲ. ಗೇಮ್ ಮುಗಿಸಬೇಕು ಅನ್ನುವ ಆಸೆ ನಿಜವಾಗಿಯೂ ಇದೆ. ಆದರೆ ಮತ್ತೆ ಮೊದಲಿಂದ ಶುರು ಮಾಡುವಷ್ಟು ಸಮಯ ಇಲ್ಲ.

ಬ್ಯಾಕ್‌ಲಾಗ್ಡ್, ಹೌ ಲಾಂಗ್ ಟು ಬೀಟ್, ಪ್ಲೇನೈಟ್ ಅಂತ ಹೆಸರು ಕೇಳಿದ್ದೇನೆ. ನೀವು ಏನು ಬಳಸುತ್ತೀರಿ? ದುಡ್ಡು ಕೊಡದೆ ಆಗುವಂಥದ್ದಿದ್ದರೆ ಒಳ್ಳೆಯದು.

ಕೀಬೋರ್ಡ್ ಕಿಟ್ಟಿ

ಪಿಸಿ ಇದ್ದರೆ ಕಣ್ಣು ಮುಚ್ಚಿಕೊಂಡು ಪ್ಲೇನೈಟ್ ಹಾಕಿಕೊಳ್ಳಿ. ಪೂರ್ತಿ ಉಚಿತ, ಓಪನ್ ಸೋರ್ಸ್, ವಿಂಡೋಸ್‌ಗೆ ಮಾತ್ರ. ಸ್ಟೀಮ್, ಎಪಿಕ್, ಜಿಒಜಿ ಥರದ ಅಂಗಡಿಗಳ ಅಕೌಂಟ್‌ಗಳನ್ನು ಜೋಡಿಸಿದರೆ ಎಲ್ಲ ಗೇಮ್‌ಗಳೂ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತವೆ. ಪ್ಲೇಸ್ಟೇಷನ್‌ಗೆ, ನಿಂಟೆಂಡೋಗೆ ಪ್ಲಗಿನ್ ಇವೆ. ಡಿಸ್ಕ್‌ಗಳನ್ನು ಕೈಯಿಂದಲೇ ಸೇರಿಸಬೇಕು. ಹೆಸರು ಹಾಕಿದರೆ ಕವರ್, ಬಿಡುಗಡೆ ವರ್ಷ, ಡೆವಲಪರ್ ಹೆಸರು ಎಲ್ಲ ಅದೇ ಎಳೆದುಕೊಂಡು ಬರುತ್ತದೆ.

ನನಗೆ ಇದರಲ್ಲಿ ಇಷ್ಟವಾಗಿದ್ದು ಏನೆಂದರೆ ಇದಕ್ಕೆ ಅಂತ ಬೇರೆ ಅಕೌಂಟ್ ಬೇಡ, ಪಟ್ಟಿ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ. ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಆಯಿತು.

ಈಗ ನಿಮ್ಮ ಎರಡನೇ ತಲೆನೋವಿಗೆ ಬರೋಣ. ಪ್ರತಿ ಗೇಮ್‌ಗೂ ಎಡಿಟ್ ತೆರೆದರೆ ನೋಟ್ಸ್ ಅಂತ ಒಂದು ಜಾಗ ಇದೆ. ಯಾರೂ ಅದರ ಕಡೆ ನೋಡುವುದೇ ಇಲ್ಲ. ಆಟ ನಿಲ್ಲಿಸುವಾಗ ಅಲ್ಲಿ ಎರಡು ಸಾಲು ಬರೆಯಿರಿ, ಸಾಕು. ದಿ ವಿಚರ್ 3ಗೆ ನಾನು ಬರೆದಿಟ್ಟಿದ್ದು ಹೀಗಿದೆ: "ನೋವಿಗ್ರಾಡ್‌ನಲ್ಲಿದ್ದೇನೆ. ಡ್ಯಾಂಡಿಲಿಯನ್‌ನನ್ನು ಹುಡುಕುತ್ತಿದ್ದೇನೆ. ಸ್ಕೆಲಿಗೆಗೆ ಇನ್ನೂ ಹೋಗಿಲ್ಲ. ಕ್ವೆನ್ ಸೈನ್ ಹಾಕಿಕೊಂಡೇ ಹೊಡೆದಾಟಕ್ಕೆ ಇಳಿಯಬೇಕು." ಇಷ್ಟು ಇದ್ದರೆ ಎಷ್ಟು ದಿನ ಬಿಟ್ಟು ಬಂದರೂ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಶೇಕಡಾ ಇಷ್ಟು ಮುಗಿದಿದೆ ಅಂತ ತೋರಿಸುವ ಯಾವ ಟೂಲೂ ಈ ಕೆಲಸ ಮಾಡುವುದಿಲ್ಲ. ಮುಂದೆ ಏನು ಮಾಡಬೇಕು ಅನ್ನೋದು ಆಡಿದವರಿಗೆ ಮಾತ್ರ ಗೊತ್ತು ಅಲ್ವಾ?

ತುಂಗಾತೀರ

ಕಿಟ್ಟಿ ಹೇಳಿದ್ದು ಸರಿ. ಆದರೆ ಪ್ಲೇನೈಟ್ ಮೊಬೈಲ್‌ನಲ್ಲಿ ಸಿಗುವುದಿಲ್ಲ. ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೈಯಲ್ಲಿ ಹಿಡಿದು ನಿಂತಾಗ ಪಟ್ಟಿ ಬೇಕಾಗೋದು ಫೋನಿನಲ್ಲೇ. ಅದಕ್ಕೆ ನಾನು ಬ್ಯಾಕ್‌ಲಾಗ್ಡ್ ಬಳಸುತ್ತೇನೆ. ಬ್ರೌಸರ್‌ನಲ್ಲೇ ತೆರೆಯುತ್ತದೆ.

ಇದರ ಹಿಂದೆ ಇರುವ ಡೇಟಾಬೇಸ್ ಐಜಿಡಿಬಿಯದು. ಅದನ್ನು ಗೇಮ್ ಆಡುವುದನ್ನು ಲೈವ್ ತೋರಿಸುವ ಸೈಟ್ ಟ್ವಿಚ್ 2019ರಲ್ಲಿ ಕೊಂಡುಕೊಂಡಿತು. ಹಾಗಾಗಿ ಹಳೆಯದು, ಹೊಸದು, ಸಣ್ಣ ಸಣ್ಣ ಇಂಡೀ ಗೇಮ್‌ಗಳು ಹೆಚ್ಚುಕಮ್ಮಿ ಎಲ್ಲವೂ ಸಿಗುತ್ತವೆ. ಪುಣೆಯವರು ಮಾಡಿದ "ರಾಜಿ" ಕೂಡ ಇದೆ. ಅದು 2020ರಲ್ಲಿ ಮೊದಲು ಸ್ವಿಚ್‌ಗೆ ಬಂದು ಆಮೇಲೆ ಪಿಸಿ, ಪಿಎಸ್4ಗೆ ಬಂತು. ಇಂಥ ಗೇಮ್ ಯಾವ ಮೆಷಿನ್‌ನಲ್ಲಿ ಆಡಿದಿರಿ ಅಂತ ಲಾಗ್‌ನಲ್ಲಿ ಗುರುತು ಹಾಕಬಹುದು. ಎರಡನೇ ಸಲ ಆಡಿದರೆ ಅದಕ್ಕೆ ಬೇರೆ ಲಾಗ್.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಬೇರೆ ಕಡೆ "ಮುಗಿದಿದೆ", "ಮುಗಿದಿಲ್ಲ" ಅಂತ ಎರಡೇ ಇದ್ದರೆ ಇಲ್ಲಿ ನಿಲ್ಲಿಸಿದ್ದಕ್ಕೂ ಬಗೆ ಬಗೆ ಇದೆ. ಶೆಲ್ವ್ಡ್ ಅಂದರೆ ಸದ್ಯಕ್ಕೆ ಎತ್ತಿಟ್ಟಿದ್ದೇನೆ, ಮತ್ತೆ ಬರುತ್ತೇನೆ. ಅಬ್ಯಾಂಡನ್ಡ್ ಅಂದರೆ ಇನ್ನು ಮುಟ್ಟೋದಿಲ್ಲ. ರಿಟೈರ್ಡ್ ಅನ್ನೋದು ಕೊನೆಯೇ ಇಲ್ಲದ ಗೇಮ್‌ಗಳಿಗೆ, ಅಂದರೆ ಆನ್‌ಲೈನ್ ಶೂಟರ್, ಕ್ರಿಕೆಟ್ ಗೇಮ್ ಇಂಥವನ್ನು ಸಾಕಷ್ಟು ಆಡಿ ಬಿಟ್ಟಾಗ. ಅರ್ಧಲೆವೆಲ್ ಅವರೇ, ನಿಮ್ಮ ಗೇಮ್‌ಗಳನ್ನು ಮೊದಲು ಹೀಗೆ ಬೇರೆ ಮಾಡಿ ನೋಡಿ. "ಮುಗಿಸಬೇಕು" ಅನ್ನುವ ಗುಡ್ಡೆಯಲ್ಲಿ ಅರ್ಧದಷ್ಟು ನೀವು ಮನಸ್ಸಿನಲ್ಲಿ ಆಗಲೇ ಬಿಟ್ಟಿರುವ ಗೇಮ್‌ಗಳೇ ಇರುತ್ತವೆ. ಅವು ಪಟ್ಟಿಯಿಂದ ಆಚೆ ಹೋದರೆ ನಿಜವಾಗಿ ಇಷ್ಟವಿರುವ ನಾಲ್ಕೈದು ಕಣ್ಣಿಗೆ ಕಾಣುತ್ತವೆ.

ಹೌ ಲಾಂಗ್ ಟು ಬೀಟ್‌ನ ಉಪಯೋಗ ಬೇರೆ. ಒಂದು ಗೇಮ್‌ಗೆ ಎಷ್ಟು ಗಂಟೆ ಬೇಕು ಅಂತ ಆಡಿದವರೇ ಹಾಕಿದ ಲೆಕ್ಕದಿಂದ ತೋರಿಸುತ್ತದೆ. ವಿಚರ್ 3 ಬರೀ ಕಥೆಗೆ 50 ಗಂಟೆ ಚಿಲ್ಲರೆ, ಪಕ್ಕದ ಕ್ವೆಸ್ಟ್‌ಗಳನ್ನೂ ಸೇರಿಸಿದರೆ ಸುಮಾರು 100, ಎಲ್ಲವನ್ನೂ ಮಾಡುತ್ತೇನೆ ಅಂದರೆ 170ರ ಆಸುಪಾಸು. ಮುಂದಿನ ಗೇಮ್ ಯಾವುದು ಅಂತ ಆರಿಸುವ ಮುಂಚೆ ಒಮ್ಮೆ ಇದನ್ನು ನೋಡಿಕೊಂಡರೆ ಒಳ್ಳೆಯದು.

ಪ್ಲಾಟಿನಂ ಪುಟ್ಟ

ಪಿಎಸ್4 ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪಿಎಸ್‌ಎನ್ ಪ್ರೊಫೈಲ್ಸ್ ಅಂತ ಒಂದು ಸೈಟ್ ಇದೆ. ನಿಮ್ಮ ಪಿಎಸ್‌ಎನ್ ಐಡಿ (ಪ್ಲೇಸ್ಟೇಷನ್ ಅಕೌಂಟ್‌ನ ಹೆಸರು) ಹಾಕಿದರೆ ಸಾಕು, ಪಾಸ್‌ವರ್ಡ್ ಕೇಳುವುದಿಲ್ಲ. ಟ್ರೋಫಿ (ಗೇಮ್‌ನಲ್ಲಿ ಏನಾದರೂ ಸಾಧಿಸಿದಾಗ ಸಿಗುವ ಗುರುತು) ಯಾರು ಬೇಕಾದರೂ ನೋಡಬಹುದು ಅಂತ ಪ್ರೈವೆಸಿ ಸೆಟ್ಟಿಂಗ್ ಇರಬೇಕು, ಅಷ್ಟೇ. ಪಿಎಸ್3ಗೆ 2008ರಲ್ಲಿ ಟ್ರೋಫಿ ಬಂದಾಗಿನಿಂದ ನಿಮ್ಮ ಅಕೌಂಟ್‌ನಲ್ಲಿ ಏನೇನು ಗೆದ್ದಿದ್ದೀರೋ ಎಲ್ಲ ತಾರೀಖಿನ ಸಮೇತ ಬರುತ್ತದೆ.

ಆದರೆ ಇದು ಕಲೆಕ್ಷನ್ ಲೆಕ್ಕ ಅಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಸೀಲ್ ಒಡೆಯದ ಡಿಸ್ಕ್ ಇದರಲ್ಲಿ ಕಾಣುವುದಿಲ್ಲ. ಆಡಿ ಮಾರಿಬಿಟ್ಟ ಡಿಸ್ಕ್ ಮಾತ್ರ ಹಾಗೇ ಉಳಿದಿರುತ್ತದೆ. ಎಷ್ಟೋ ಗೇಮ್‌ಗಳಿಗೆ ಪಿಎಸ್4 ಮತ್ತು ಪಿಎಸ್5 ಟ್ರೋಫಿ ಪಟ್ಟಿ ಬೇರೆ ಬೇರೆ, ಆಗ ಒಂದೇ ಗೇಮ್ ಎರಡು ಸಲ ಬರುತ್ತದೆ. ಏನು ಇದೆ ಅನ್ನೋದಕ್ಕೆ ಒಂದು ಪಟ್ಟಿ, ಎಲ್ಲಿಗೆ ಬಂದೆ ಅನ್ನೋದಕ್ಕೆ ಇನ್ನೊಂದು, ಹೀಗೆ ಬೇರೆ ಬೇರೆ ಇಟ್ಟುಕೊಂಡರೆ ಗೋಜಲು ಇರುವುದಿಲ್ಲ.

ಸ್ವಿಚ್ ಕಥೆ ಇನ್ನೂ ಕಷ್ಟ. ಅದರಲ್ಲಿ ಟ್ರೋಫಿ, ಅಚೀವ್‌ಮೆಂಟ್ ಯಾವುದೂ ಇಲ್ಲ. ಪ್ರೊಫೈಲ್ ತೆರೆದರೆ ಎಷ್ಟು ಹೊತ್ತು ಆಡಿದ್ದೀರಿ ಅಂತ ಬರುತ್ತದೆ, ಅದೂ ಶುರುವಿನಲ್ಲಿ ಹತ್ತು ದಿನ ತೋರಿಸುವುದೇ ಇಲ್ಲ. ಆಮೇಲೂ "15 ಗಂಟೆ ಅಥವಾ ಜಾಸ್ತಿ" ಅನ್ನುವ ಥರ ಅಂದಾಜು ಮಾತ್ರ. ಸ್ವಿಚ್‌ಗೆ ಕೈಬರಹವೇ ಗತಿ.

ಕ್ಯಾಸೆಟ್ ಕಾಲ

ಹಳೇ ಗೇಮ್ ಆಡುವವರಿಗೆ ರೆಟ್ರೋಅಚೀವ್‌ಮೆಂಟ್ಸ್ ಅನ್ನುವ ಸೈಟ್ ಮರೆಯಬೇಡಿ. ನಾವೆಲ್ಲ ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕಾಂಟ್ರಾ, ಮಾರಿಯೋಗೂ ಈಗ ಅಚೀವ್‌ಮೆಂಟ್ ಇದೆ. ಎಮ್ಯುಲೇಟರ್‌ನಲ್ಲಿ (ಹಳೇ ಮೆಷಿನ್‌ನ ಗೇಮ್ ಓಡಿಸುವ ಸಾಫ್ಟ್‌ವೇರ್) ಗೇಮ್ ಓಡುವಾಗ ಅದರ ಮೆಮೊರಿಯನ್ನು ನೋಡುತ್ತಾ ನೀವು ಯಾವ ಸ್ಟೇಜ್ ದಾಟಿದಿರಿ, ಎಷ್ಟು ಜೀವ ಉಳಿದಿದೆ ಅಂತ ಅದೇ ಕಂಡುಹಿಡಿಯುತ್ತದೆ. ಹಾರ್ಡ್‌ಕೋರ್ ಮೋಡ್ ಹಾಕಿದರೆ ಎಲ್ಲಿ ಬೇಕಾದರಲ್ಲಿ ಉಳಿಸಿಟ್ಟ ಸೇವ್ ಸ್ಟೇಟ್ ಲೋಡ್ ಮಾಡುವ ಹಾಗಿಲ್ಲ, ರಿವೈಂಡ್ ಇಲ್ಲ, ಚೀಟ್ ಇಲ್ಲ. ಸತ್ತರೆ ಸತ್ತಂತೆ, ಆವಾಗಿನ ಹಾಗೇ. ಕಾಂಟ್ರಾದ ಎಂಟೂ ಸ್ಟೇಜ್ ಹೀಗೆ ದಾಟಿ ಕೊನೆಗೆ ಸ್ಕ್ರೀನ್ ಮೂಲೆಯಲ್ಲಿ ಆ ಬ್ಯಾಡ್ಜ್ ಬಂದಾಗ ಆಗುವ ಖುಷಿಗೆ ಸಾಟಿ ಇಲ್ಲ.

ಕೋಷ್ಟಕ

ಎಲ್ಲರೂ ಒಳ್ಳೊಳ್ಳೆ ಸೈಟ್ ಹೇಳಿದ್ದೀರಿ. ನಾನು ಒಂದು ಎಚ್ಚರಿಕೆ ಹೇಳುತ್ತೇನೆ, ದಯವಿಟ್ಟು ಹಗುರವಾಗಿ ತಗೋಬೇಡಿ. ರಾಪ್ಟರ್ ನೆನಪಿದೆಯಾ? ಯಾವ ಗೇಮ್ ಎಷ್ಟು ಗಂಟೆ ಆಡಿದಿರಿ ಅಂತ ಲೆಕ್ಕ ಇಡುತ್ತಿತ್ತು, ತುಂಬಾ ಜನ ಬಳಸುತ್ತಿದ್ದರು. 2017ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಅದಕ್ಕೂ ಮುಂಚೆ 2015ರಲ್ಲಿ ಇಂಥದ್ದೇ ಎಕ್ಸ್‌ಫೈರ್ ಹೋಯಿತು. ಸೈಟ್ ನಡೆಸುವವರಿಗೂ ಖರ್ಚಿದೆ, ಒಂದು ದಿನ ಸಾಕು ಅನ್ನಿಸಬಹುದು. ಆದರೆ ವರ್ಷಗಟ್ಟಲೆ ಕೂತು ಬರೆದ ಪಟ್ಟಿ ನಿಮ್ಮದು. ಅದು ನಿಮ್ಮ ಕೈಯಲ್ಲೇ ಇರಬೇಕು.

ಆದ್ದರಿಂದ ಯಾವುದೇ ಟೂಲ್ ಆರಿಸುವ ಮೊದಲು ನಾನು ಹುಡುಕೋದು ಎಕ್ಸ್‌ಪೋರ್ಟ್ ಬಟನ್. ಬ್ಯಾಕ್‌ಲಾಗ್ಡ್ ಥರದ್ದೇ ಸೈಟ್ ಗ್ರೂವಿಯಲ್ಲಿ ಇದೆ, ಹೌ ಲಾಂಗ್ ಟು ಬೀಟ್‌ನಲ್ಲೂ ಇದೆ, ಸಿಎಸ್‌ವಿ ಫೈಲ್ ಸಿಗುತ್ತದೆ, ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ತೆರೆಯಬಹುದು. ಆಗಾಗ ಇಳಿಸಿಕೊಂಡು ಇಟ್ಟುಕೊಳ್ಳಿ. ನನ್ನ ಮುಖ್ಯ ಪಟ್ಟಿ ಶೀಟ್ಸ್‌ನಲ್ಲೇ ಇದೆ. ಹೆಸರು, ಯಾವ ಮೆಷಿನ್, ಡಿಸ್ಕೋ ಡಿಜಿಟಲ್ಲೋ, ಸ್ಥಿತಿ, ಕೊನೆಗೆ ಆಡಿದ್ದು ಯಾವಾಗ, ಮುಂದೆ ಏನು ಮಾಡಬೇಕು. ಇದಕ್ಕಿಂತ ಜಾಸ್ತಿ ಕಾಲಂ ಬೇಡ, ತುಂಬೋಕೆ ಬೇಜಾರಾಗಿ ಬಿಟ್ಟುಬಿಡುತ್ತೀರಿ.

ಇನ್ನೊಂದು. ಹೌ ಲಾಂಗ್ ಟು ಬೀಟ್‌ಗೆ ಸ್ಟೀಮ್ ಲೈಬ್ರರಿ ತರಿಸುವಾಗ ಪಟ್ಟಿ ಖಾಲಿ ಬಂದರೆ ಗಾಬರಿ ಬೇಡ. 2018ರ ಏಪ್ರಿಲ್‌ನಿಂದ ಸ್ಟೀಮ್‌ನಲ್ಲಿ ಗೇಮ್ ವಿವರ ತಾನಾಗಿಯೇ ಪ್ರೈವೇಟ್ ಇರುತ್ತದೆ. ಸ್ವಲ್ಪ ಹೊತ್ತು ಪಬ್ಲಿಕ್ ಮಾಡಿ, ತರಿಸಿಕೊಂಡು, ಮತ್ತೆ ಪ್ರೈವೇಟ್ ಮಾಡಿ. "ಸ್ಟೀಮ್ ಮೂಲಕ ಲಾಗಿನ್" ಅಂತ ಕೇಳುವ ಸೈಟ್‌ಗಳಲ್ಲಿ ಪಾಸ್‌ವರ್ಡ್ ಹಾಕುವ ಮುಂಚೆ ತೆರೆದಿರುವುದು ನಿಜವಾಗಿ ಸ್ಟೀಮ್‌ನದೇ ಪುಟವಾ ಅಂತ ವಿಳಾಸ ನೋಡಿ. ಅಸಲಿಯ ಹಾಗೇ ಕಾಣುವ ನಕಲಿ ಲಾಗಿನ್ ಪುಟ ಮಾಡಿ ಅಕೌಂಟ್ ಕದಿಯುವವರು ಬಹಳ ಇದ್ದಾರೆ.

ಅರ್ಧಲೆವೆಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಪ್ಲೇನೈಟ್ ಹಾಕಿ ಸ್ಟೀಮ್, ಎಪಿಕ್ ಜೋಡಿಸಿದೆ. ಡಿಸ್ಕ್‌ಗಳನ್ನು ಒಂದೊಂದಾಗಿ ಸೇರಿಸುತ್ತಿದ್ದೇನೆ. ನೋಟ್ಸ್ ಐಡಿಯಾ ತುಂಬಾ ಚೆನ್ನಾಗಿದೆ ಕಿಟ್ಟಿ, ಹಾಲೋ ನೈಟ್‌ಗೆ ಆಗಲೇ ಬರೆದೆ: "ಸಿಟಿ ಆಫ್ ಟಿಯರ್ಸ್ ತನಕ ಬಂದಿದ್ದೇನೆ, ಗೋಡೆ ಹತ್ತುವ ಶಕ್ತಿ ಸಿಕ್ಕಿದೆ, ಮ್ಯಾಪ್ ಮಾರುವವನು ಕೆಳಗೆಲ್ಲೋ ಹಾಡುತ್ತಿದ್ದಾನೆ."

ಒಂದೇ ಒಂದು ಪ್ರಶ್ನೆ ಉಳಿಯಿತು. ಚಂದಾ ಕಟ್ಟಿ ಆಡುವ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನ ಗೇಮ್‌ಗಳನ್ನು ಇದೇ ಪಟ್ಟಿಯಲ್ಲಿ ಸೇರಿಸಬೇಕಾ?

ಕೋಷ್ಟಕ

ಸೇರಿಸಿ, ಆದರೆ "ಬಾಡಿಗೆ" ಅಂತ ಟ್ಯಾಗ್ ಹಾಕಿ. ಪ್ಲೇಸ್ಟೇಷನ್‌ನ ಚಂದಾ ಪಿಎಸ್ ಪ್ಲಸ್‌ನಲ್ಲಿ ಬಂದವಕ್ಕೂ ಅದೇ ಟ್ಯಾಗ್, ಚಂದಾ ನಿಂತರೆ ಅವೂ ಆಡಲು ಬರುವುದಿಲ್ಲ. ಪ್ಲೇನೈಟ್‌ನಲ್ಲಿ ಆ ಟ್ಯಾಗ್‌ಗೆ ಒಂದು ಫಿಲ್ಟರ್ ಮಾಡಿಟ್ಟುಕೊಂಡರೆ ಕೊಂಡದ್ದು ಯಾವುದು, ಬಾಡಿಗೆಯದು ಯಾವುದು ಅಂತ ಒಂದೇ ಕ್ಲಿಕ್‌ನಲ್ಲಿ ಗೊತ್ತಾಗುತ್ತದೆ. ಎಕ್ಸ್‌ಬಾಕ್ಸ್ ಆ್ಯಪ್‌ನಲ್ಲಿ ಸದ್ಯದಲ್ಲೇ ಹೊರಗೆ ಹೋಗುವ ಗೇಮ್‌ಗಳ ಪಟ್ಟಿ ಬೇರೆಯೇ ಇರುತ್ತದೆ, ಅದನ್ನು ಆಗಾಗ ನೋಡುತ್ತಿರಿ. ಅರ್ಧ ಆಡಿದ ಗೇಮ್ ಅದರಲ್ಲಿ ಕಂಡರೆ ಮೊದಲು ಅದನ್ನೇ ಮುಗಿಸಿ, ವಿಚರ್ ಎಲ್ಲಿಗೂ ಹೋಗುವುದಿಲ್ಲ.