ಬೆಡ್‌ಶೀಟ್ ಯಾರದ್ದು?

"ಬನ್ನಿ ಬನ್ನಿ, ಈಗಷ್ಟೇ ವಾಚು ಎಣಿಸೋಕೆ ಶುರು ಮಾಡಿದ್ದಾರೆ," ಎಂದು ಗುಂಡಣ್ಣ ಟಿವಿ ಸೌಂಡ್ ಜಾಸ್ತಿ ಮಾಡಿದ.

ಯಾರೋ ಇಂಜಿನಿಯರ್ ಮನೆ. ಲೋಕಾಯುಕ್ತ ದಾಳಿ. ಮಂಚದ ಮೇಲೆ ಬಳೆ, ಸರ, ಬೆಳ್ಳಿ ತಟ್ಟೆ, ಐನೂರರ ಕಂತೆಗಳು.

"ನನಗೊಂದು ಅನುಮಾನ. ಆ ಬೆಡ್‌ಶೀಟ್ ಯಾರದ್ದು?" ಎಂದರು ಶೀನಣ್ಣ.

"ಯಾವ ಬೆಡ್‌ಶೀಟ್?"

"ಕೆಳಗೆ ಹಾಸಿದ್ದಾರಲ್ಲ. ಒಂದು ಸುಕ್ಕಿಲ್ಲ. ಬೆಳಗಿನ ಜಾವ ಬಾಗಿಲು ಬಡಿದರೆ ನಮ್ಮ ಮನೆಯಲ್ಲಿ ಇಂಥದ್ದು ಸಿಗುತ್ತದಾ?"

"ಒಗೆದದ್ದು ಒಣಗೋವರೆಗೆ ಅವರು ಕಾಯಬೇಕಾಗುತ್ತೆ," ಎಂದರು ಪದ್ದಕ್ಕ ಒಳಗಿನಿಂದ.

"ಜೋಡಿಸಿರೋದು ನೋಡು, ದಸರಾ ಗೊಂಬೆ ಕೂರಿಸಿದ ಹಾಗೆ! ಹಬ್ಬ ಮುಗಿದ ಮೇಲೆ ಗೊಂಬೆ ಪೆಟ್ಟಿಗೆಗೆ ಹೋಗುತ್ತವೆ. ಇವು ಎಲ್ಲಿಗೆ ಹೋದವು ಅಂತ ಯಾವ ಚಾನೆಲ್ಲಾದರೂ ತೋರಿಸಿದೆಯಾ?"

"ಕೋರ್ಟಿಗೆ," ಎಂದ ವಿಶ್ವ, ಲಾ ಓದಿದವನಲ್ವಾ. "ಆದರೆ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 19ನೇ ಸೆಕ್ಷನ್ ಇದೆ. ಅವನನ್ನು ಕೆಲಸದಿಂದ ತೆಗೆಯುವ ಅಧಿಕಾರ ಇದ್ದವರು ಮೊದಲು ಅನುಮತಿ ಕೊಡಬೇಕು. 2018ರಲ್ಲಿ 17ಎ ಬೇರೆ ಸೇರಿಸಿದರು. ಫೈಲ್ ಮೇಲೆ ತೆಗೆದುಕೊಂಡ ತೀರ್ಮಾನವಾದರೆ ತನಿಖೆ ಶುರು ಮಾಡೋಕೂ ಅನುಮತಿ ಬೇಕು."

"ಅಂದರೆ ಇಲಿ ಹಿಡಿಯೋಕೆ ಉಗ್ರಾಣದವರ ಹತ್ತಿರ ಅರ್ಜಿ ಹಾಕಬೇಕು. ಅರ್ಜಿ ಜೊತೆ ಏನಾದರೂ ಇಡಬೇಕೋ ಏನೋ."

"ಸುಮ್ನೆ ಎಲ್ಲಕ್ಕೂ ತಮಾಷೆ! 2016ರಲ್ಲಿ ಎಸಿಬಿ ಅಂತ ಭ್ರಷ್ಟಾಚಾರ ನಿಗ್ರಹ ದಳ ಮಾಡಿದರು. 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಲೋಕಾಯುಕ್ತಕ್ಕೆ ಮತ್ತೆ ಜೀವ ಕೊಟ್ಟಿತು. ಎಷ್ಟೆಲ್ಲ ಬದಲಾಗಿದೆ!"

"ಬೆಡ್‌ಶೀಟ್ ಬದಲಾಗಲಿಲ್ಲ."

ಗುಂಡಣ್ಣನಿಗೆ ರೇಗಿತು. "ಲಂಚ ತಗೊಳ್ಳುವಾಗಲೇ ಹಿಡಿಯೋ ಟ್ರ್ಯಾಪ್ ಆದರೂ ಒಪ್ಪುತ್ತೀರಾ? ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿರುತ್ತಾರೆ. ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿಸಿದರೆ ನೀರು ಗುಲಾಬಿ!"

"ಅದಕ್ಕೇ ಈಗ ಯಾರೂ ಮುಟ್ಟೋದಿಲ್ಲ. 'ಆ ಡ್ರಾಯರ್‌ನಲ್ಲಿ ಹಾಕಿ ಹೋಗಿ' ಅಂತಾರೆ. ಎದುರಿಗೇ ಎಂಜಲು ಹಚ್ಚಿ ಎಣಿಸಿಕೊಳ್ಳುತ್ತಿದ್ದ ಗುಮಾಸ್ತರ ಕಾಲ ಹೋಯಿತಪ್ಪ."

"ನಿಮ್ಮ ಆಫೀಸಲ್ಲಿ ಆಡಿಟ್ ಹೇಗಿತ್ತು ಶೀನಣ್ಣ?" ಎಂದು ವಿಶ್ವ ಕೇಳಿದ.

"ಬಹಳ ಬಿಗಿ. ಒಂದು ವರ್ಷ ಒಂದು ರಸ್ತೆಯ ಫೈಲ್ ನೋಡಿದರು. ಟೆಂಡರ್ ಇತ್ತು, ಅಳತೆ ಪುಸ್ತಕ ಇತ್ತು, ಬಿಲ್ಲಿಗೆ ಮೂರು ಸಹಿ ಇತ್ತು. ರಸ್ತೆ ಮಾತ್ರ ಇರಲಿಲ್ಲ. ಫೈಲ್ ಪಾಸಾಯಿತು. ಆಮೇಲೆ ನಮ್ಮ ಕ್ಯಾಷಿಯರ್ ರಾಯರ ಫ್ಲಾಸ್ಕ್ ಸಿಕ್ಕಿತು. ಟೇಬಲ್ ಮೇಲೇ ಇತ್ತು. ಆದರೆ ಕೊಟೇಶನ್ ತರಿಸಿರಲಿಲ್ಲ. ಬಿತ್ತು ಆಕ್ಷೇಪಣೆ."

ಗುಂಡಣ್ಣ ತೊಡೆ ತಟ್ಟಿಕೊಂಡು ನಕ್ಕ. ಶೀನಣ್ಣ ನಗಲಿಲ್ಲ.

"ರಾಯರು ರಿಟೈರ್ ಆದರೂ ಅದು ತೀರುವಳಿ ಆಗಲಿಲ್ಲ. ಪೆನ್ಷನ್ ಕಾಗದ ಅಲ್ಲೇ ನಿಂತಿತು. ದುಡ್ಡು ಕಟ್ಟುತ್ತೇನೆ ಅಂದರೂ ಯಾವ ಲೆಕ್ಕದ ಹೆಡ್‌ನಲ್ಲಿ ಕಟ್ಟಿಸಿಕೊಳ್ಳಬೇಕು ಅಂತ ಯಾರಿಗೂ ಗೊತ್ತಿಲ್ಲ. ಅದೇ ಆಫೀಸಿಗೆ ಬಂದು, ತಾವು ಕೆಲಸ ಕಲಿಸಿದ ಹುಡುಗರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಕೂತ್ಕೊಳ್ಳಿ ಅಂದರೂ ಕೂರುತ್ತಿರಲಿಲ್ಲ. ಪಾರ್ಟಿಗಳಿಗೆ ಹಾಕಿದ ಬೆಂಚು ಅದು ಅಂತ. ಹೊಸಬರು ಯಾರೋ ಒಂದು ದಿನ, 'ಏನ್ರೀ, ಎಷ್ಟು ಹೊಡೆದಿದ್ದಿರಿ?' ಅಂತ ಕೇಳಿಯೇ ಬಿಟ್ಟರು."

ಟಿವಿಯಲ್ಲಿ ಈಗ ಕಾರುಗಳ ಸರದಿ. ಗುಂಡಣ್ಣ ಸೌಂಡ್ ಕಮ್ಮಿ ಮಾಡಿದ.

ಪದ್ದಕ್ಕ ಕಾಫಿ ತಂದಿಟ್ಟರು. "ಅಲ್ಲ ಶೀನಣ್ಣ, ಆಫೀಸಿಗೆ ಫ್ಲಾಸ್ಕ್ ಯಾಕೆ ಬೇಕಿತ್ತು ಅವರಿಗೆ?"

"ಇನ್ಯಾಕೆ ಪದ್ದಕ್ಕ, ಆಡಿಟ್‌ನವರಿಗೆ ಬಿಸಿ ಬಿಸಿ ಕಾಫಿ ಬೇಕು ಅಂದಿದ್ದರು."