ಹಳೇ ಚಾಕಿ ಮನಿ ಪ್ಯಾನೆಲ್‌ಗೆ ಡಿಜಿಟಲ್ ಥರ್ಮೋಸ್ಟಾಟ್: ಗೋಡೆ ಡಬ್ಬ್ಯಾಗ ನ್ಯೂಟ್ರಲ್ ಇಲ್ಲ

ರೇಷ್ಮೆ_ಹಾವೇರಿ:
ಚಾಕಿ ಮನ್ಯಾಗ (ಎಳೇ ರೇಷ್ಮೆ ಹುಳ ಸಾಕೋ ಮನಿ) ಮೂರು ಕೋಣಿ. ಒಂದೊಂದಕ್ಕ 3 ಕಿಲೋವ್ಯಾಟ್ ಹೀಟರ್, ಗೋಡಿಗೆ ಹಳೇ ಕ್ಯಾಪಿಲರಿ ಥರ್ಮೋಸ್ಟಾಟ್. ಅಲ್ಲಿಂದ ಎರಡೇ ವೈರು ಪ್ಯಾನೆಲ್‌ನ ಕಾಂಟ್ಯಾಕ್ಟರ್‌ಗೆ (ಕಾಯಿಲ್ ಎಳೆದು ಹೀಟರ್ ಹಚ್ಚೋ ದೊಡ್ಡ ಸ್ವಿಚ್) ಹೋಗ್ಯಾವ, ಕಾಯಿಲ್ 230 ವೋಲ್ಟ್. ಥಂಡಿ ದಿನದಾಗ 2-3 ಡಿಗ್ರಿ ಏರಿಳಿತ ಆಗ್ತದ. ಮೊದಲ್ನೇ ಹಂತದ ಹುಳಕ್ಕ 27-28 ಬಿಟ್ಟು ಹೋಗಬಾರದು. ಎಸ್‌ಟಿಸಿ-1000 ಅನ್ನೋ ಡಿಜಿಟಲ್ ಥರ್ಮೋಸ್ಟಾಟ್ ಕಂಟ್ರೋಲರ್ ಮೂರು ತರಿಸೇವಿ. ಆ ಎರಡು ವೈರನ್ನ ಅದರ 1-2 ಟರ್ಮಿನಲ್‌ಗೆ ಕೊಟ್ರ ನಡೀತದೇನ್ರಿ?

ಪ್ಯಾನೆಲ್_ಹುಬ್ಬಳ್ಳಿ:
ನಡ್ಯಾಂಗಿಲ್ರಿ. 1-2 ಅಂದ್ರ ಕಂಟ್ರೋಲರ್‌ನ ಸ್ವಂತ ಸಪ್ಲೈ. ಹಂಗ ಕೊಟ್ರ ಅದು ಕಾಯಿಲ್ ಜೋಡಿ ಸೀರೀಸ್‌ನ್ಯಾಗ ಬೀಳ್ತದ. ಡಿಸ್‌ಪ್ಲೇ ಮಿಣುಕಬಹುದು, ಕಾಂಟ್ಯಾಕ್ಟರ್ ಗುಂಯ್‌ಗುಡಬಹುದು, ಸರಿಯಾಗಿ ಎಳೆಯೋದಂತೂ ಇಲ್ಲ. ಗೋಡಿಗೆ ನ್ಯೂಟ್ರಲ್ ಎಳೆಯೋ ಬದಲು ಕಂಟ್ರೋಲರನ್ನ ಪ್ಯಾನೆಲ್ಲಿಗೇ ಒಯ್ರಿ, ಅಲ್ಲಿ ನ್ಯೂಟ್ರಲ್ ಇದ್ದೇ ಇರ್ತದ. 1ಕ್ಕ ಫೇಸ್, 2ಕ್ಕ ನ್ಯೂಟ್ರಲ್, 3-4ಕ್ಕ ಸೆನ್ಸರ್. 5-6 ಹೀಟಿಂಗ್ ರಿಲೇ. ಅದು ಬರೇ ಸ್ವಿಚ್, ಅದರಿಂದ ಕರೆಂಟ್ ತಾನಾಗಿ ಹೊರಗ ಬರಂಗಿಲ್ಲ. ಫೇಸ್ 5ಕ್ಕ ಕೊಡ್ರಿ. 6ರಿಂದ ಹಳೇ ಎರಡು ವೈರಿನ ಮೂಲಕ ಗೋಡಿ ಥರ್ಮೋಸ್ಟಾಟ್‌ಗೆ ಹೋಗಿ ತಿರುಗಿ ಕಾಯಿಲ್‌ನ ಒಂದು ತುದಿ ಎ1ಕ್ಕ ಬರಲಿ, ಇನ್ನೊಂದು ತುದಿ ಎ2 ನ್ಯೂಟ್ರಲ್‌ಗೆ. 7-8 ಕೂಲಿಂಗ್, ಖಾಲಿ ಬಿಡ್ರಿ.

ಹಳೇದನ್ನ ಕಿತ್ತು ಒಗೀಬ್ಯಾಡ್ರಿ. ಅದನ್ನ 32ಕ್ಕ ತಿರುವಿ ಇಟ್ರ ಎಸ್‌ಟಿಸಿ ರಿಲೇ ಅಂಟಿಕೊಂಡ ರಾತ್ರಿ ಅದೇ ಹುಳ ಉಳಸ್ತದ. ಕಾಂಟ್ಯಾಕ್ಟರ್ರೇ ಅಂಟಿದ್ರ ಮಾತ್ರ ಇದೂ ಉಪಯೋಗಿಲ್ಲ. ಹೀಟರನ್ನ ನೇರ 5-6ಕ್ಕ ಹಾಕೋ ವಿಚಾರ ಬ್ಯಾಡ: 3 ಕಿಲೋವ್ಯಾಟ್ ಅಂದ್ರ 13 ಆಂಪ್ಸ್, ರಿಲೇ ತಾಳೋದು 10.

ವೈರಿಂಗ್_ಧಾರವಾಡ:
ಇದಕ್ಕೆ ಒಂದು ಸೇರಿಸಬೇಕು. ಕಾಯಿಲ್ ಬಿಡುವಾಗ ಏಳುವ ವೋಲ್ಟೇಜ್ ಸ್ಪೈಕ್‌ಗೆ ಈ ಕಂಟ್ರೋಲರ್‌ಗಳು ಹ್ಯಾಂಗ್ ಆಗುತ್ತವೆ. ಎ1-ಎ2 ನಡುವೆ ಆರ್‌ಸಿ ಸ್ನಬ್ಬರ್ (ಸ್ಪೈಕ್ ನುಂಗುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಹಾಕಿ: 100 ಓಮ್, 0.1 ಮೈಕ್ರೋಫ್ಯಾರಡ್, ಕೆಪಾಸಿಟರ್ ಎಕ್ಸ್‌2 ದರ್ಜೆಯದೇ (ನೇರ ಮೇನ್ಸ್‌ಗೆ ಹಾಕಬಹುದಾದದ್ದು) ಇರಲಿ. ಸೆನ್ಸರ್ ವೈರು ಉದ್ದ ಮಾಡಲು ಹೆದರಬೇಡಿ. ಇದರ ಸೆನ್ಸರ್ 10ಕೆ ಎನ್‌ಟಿಸಿ, ಅಂದರೆ ಕಾವು ಏರಿದಂತೆ ರೆಸಿಸ್ಟೆನ್ಸ್ ಇಳಿಯುವಂಥದ್ದು; ಅದರಲ್ಲಿ 1 ಡಿಗ್ರಿಗೆ 400 ಓಮ್‌ನಷ್ಟು ಬದಲಾಗುತ್ತದೆ, ವೈರಿನ ಒಂದೆರಡು ಓಮ್ ಲೆಕ್ಕಕ್ಕಿಲ್ಲ. ತೊಂದರೆ ಕೊಡುವುದು ನಾಯ್ಸ್ (ಪಕ್ಕದ ವೈರುಗಳಿಂದ ಸೇರುವ ವಿದ್ಯುತ್ ಗದ್ದಲ). ಶೀಲ್ಡೆಡ್ ವೈರು ತಗೊಂಡು ಹೀಟರ್ ವೈರಿನ ಪೈಪಿನಿಂದ ದೂರ ಎಳೆಯಿರಿ, ಶೀಲ್ಡನ್ನು ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಮೂರು ಹೀಟರ್ ಮೂರು ಫೇಸಿನಲ್ಲಿರಲಿ, ಆದರೆ ಕಂಟ್ರೋಲರ್ ಮತ್ತು ಕಾಯಿಲ್‌ಗಳ ಸಪ್ಲೈ ಒಂದೇ ಫೇಸಿನಿಂದ.

ರೇಷ್ಮೆ_ಹಾವೇರಿ:
ಸೆಟ್ಟಿಂಗ್ ಎಷ್ಟು ಇಡಬೇಕು? ಬದಲಿಸಿದ್ದು ಉಳೀವಲ್ದು.

ಪ್ಯಾನೆಲ್_ಹುಬ್ಬಳ್ಳಿ:
ಎಸ್ ಬಟನ್ 3 ಸೆಕೆಂಡ್ ಒತ್ರಿ. ಎಫ್1 (ಬೇಕಾದ ಕಾವು) 28, ಎಫ್2 (ಅಂತರ) 0.5, ಅಂದ್ರ 27.5ಕ್ಕ ಹತ್ತಿ 28ಕ್ಕ ಆರ್ತದ. ಕಡೀಗೆ ಪವರ್ ಬಟನ್ ಒಮ್ಮೆ ಒತ್ತಲಿಲ್ಲಂದ್ರ ಸೇವ್ ಆಗಂಗಿಲ್ಲ. ನಿಮ್ಮದು ಅದೇ ಇರಬೇಕು. ಎಫ್4 ತಿದ್ದುಪಡಿ: ಒಳ್ಳೇ ಥರ್ಮಾಮೀಟರ್ ಸೆನ್ಸರ್ ಮಗ್ಗಲಕ್ಕ ಅರ್ಧ ತಾಸು ಇಟ್ಟು ನೋಡಿ ಹಾಕ್ರಿ. ಎಫ್3 ಕಂಪ್ರೆಸರ್ ಸಲುವಾಗಿ, ಮುಟ್ಟಬ್ಯಾಡ್ರಿ. ಇಇ ತೋರಿಸಿದ್ರ ಸೆನ್ಸರ್ ಕಡಿದದ ಇಲ್ಲಾ ಶಾರ್ಟ್ ಆಗ್ಯದ.

ಚಾಕಿ_ರಾಣೆಬೆನ್ನೂರು:
ಸೆನ್ಸರ್ ಗೋಡಿಗೆ ಬಡೀಬ್ಯಾಡ್ರಿ, ತಟ್ಟೆ ಸಾಲಿನ ನಡು ಎತ್ತರಕ್ಕ ತೂಗಬಿಡ್ರಿ, ಹೀಟರ್ ಗಾಳಿ ನೇರ ಹೊಡೀಬಾರದು. ಕಾವು 1 ಡಿಗ್ರಿ ಏರಿದ್ರ 85 ಇದ್ದ ತೇವಾಂಶ 80ಕ್ಕ ಇಳೀತದ, ಹಿಂಗಾಗಿ ಹಸಿ ಗೋಣಿ ತಟ್ಟು ಇಲ್ಲಾ ಹ್ಯುಮಿಡಿಫೈಯರ್ ಬೇಕೇ ಬೇಕು. ಹುಳ ಜ್ವರಕ್ಕ ಕುಂತಾಗ (ಪೊರೆ ಬಿಡೋ ಹೊತ್ತಿನ್ಯಾಗ) ಮಾತ್ರ ತೇವ ಇಳಿಸಿ ಗಾಳಿ ಆಡಿಸ್ರಿ. ಪ್ಯಾನೆಲ್ ಕೋಣಿ ಹೊರಗೇ ಇರಲಿ. ಬ್ಲೀಚಿಂಗ್ ಪೌಡರ್ ಹೊಡೆದಾಗ ಅದರ ಘಾಟು ತಾಮ್ರ ತಿಂತದ. ಆವಾಗ ಸೆನ್ಸರ್‌ನೂ ಬಿಚ್ಚಿ ಹೊರಗ ಇಡ್ರಿ.